ಮಳೆಗಾಲದಲ್ಲಿ ಪೂಡಲ್ ಮನೆಯೆಲ್ಲಾ ಕುಣೀತಿದ್ರೆ ಏನ್ ಮಾಡೋದು?

ಪೂಡಲ್ ನೋಡೋಕೆ ಗೊಂಬೆ ಥರ ಇದ್ರೂ ಮೂಲದಲ್ಲಿ ಅದು ಬೇಟೆಗಾರರು ಹೊಡೆದ ಬಾತುಕೋಳಿನ ನೀರಿಂದ ಎತ್ಕೊಂಡು ಬರೋಕೆ ಅಂತ ಸಾಕಿದ ನಾಯಿ, ಮೈಗೂ ತಲೆಗೂ ಎರಡಕ್ಕೂ ಕೆಲಸ ಬೇಕು, ಇಲ್ಲಾಂದ್ರೆ ಸೋಫಾ ಉಳಿಯಲ್ಲ. ಮಡಿಕೇರಿ ಕಡೆ ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ವಾಕಿಂಗ್ ಬಂದ್, ಕುಣಿತ ಜಾಸ್ತಿ.

ಬರೀ ಬಾಲ್ ಎಸೀತಾ ಇದ್ರೆ ಜೋಶ್ ಇನ್ನೂ ಏರುತ್ತೆ ಅಷ್ಟೇ. ಮೂಗಿಗೆ ಕೆಲಸ ಕೊಡಿ, ಊಟದಲ್ಲಿ ಸ್ವಲ್ಪ ತೆಗೆದು ಹಳೇ ಟವೆಲ್‌ನಲ್ಲಿ ಸುತ್ತಿಡಿ, ಇಲ್ಲಾ ರೂಮಲ್ಲಿ ಅಲ್ಲಲ್ಲಿ ಬಚ್ಚಿಟ್ಟು ಹುಡುಕೋಕೆ ಬಿಡಿ. ಮೈಮೇಲೆ ಹಾರಿದಾಗ ಕಿರುಚಬೇಡಿ, ಅದಕ್ಕೆ ಅದೂ ಆಟಾನೇ. ಮುಖ ತಿರುಗಿಸಿ ನಿಂತ್ಕೊಳ್ಳಿ, ನಾಲ್ಕೂ ಕಾಲು ನೆಲಕ್ಕೆ ಬಂದ ತಕ್ಷಣ ತಿಂಡಿ. ಚಾಪೆ ಮೇಲೆ ತಾನಾಗೇ ಮಲಗಿದ್ರೆ ಸದ್ದಿಲ್ದೆ ಒಂದ್ ತುಂಡು ಇಡಿ. (ಮನೇಲಿ ಅಜ್ಜಿಗೂ ಈ ರೂಲ್ಸ್ ಹೇಳಿ, ಅದೇ ಕಷ್ಟ.)

ಮಳೆ ಬಿಟ್ಟಾಗ ಉದ್ದ ಹಗ್ಗ ಹಾಕಿ ತೋಟದಲ್ಲಿ ಆರಾಮಾಗಿ ಮೂಸೋಕೆ ಬಿಡಿ, ಆದ್ರೆ ಕಾಫಿ ಬೀಜಕ್ಕೆ ಬಾಯಿ ಹಾಕೋಕೆ ಬಿಡ್ಬೇಡಿ, ಕೆಫೀನ್ ನಾಯಿಗೆ ವಿಷ. ವಾಪಸ್ ಬಂದ್ಮೇಲೆ ಗುಂಗುರು ಕೂದಲು ಬಿಡಿಸಿ ಇಂಬಳ, ಉಣ್ಣಿ ಇದ್ಯಾ ನೋಡಿ, ಕಿವಿ ಒಣಗಿಸಿ. ಕಿವಿ ನವೆಗೂ ಎಷ್ಟೋ ನಾಯಿ ಚಡಪಡಿಸುತ್ತೆ, ಇದ್ದಕ್ಕಿದ್ದಂಗೆ ಶುರುವಾದ್ರೆ ಟ್ರೈನಿಂಗ್ ಪಕ್ಕಕ್ಕಿಟ್ಟು ಮೊದ್ಲು ಡಾಕ್ಟ್ರಿಗೆ ತೋರಿಸಿ.