ಬಾಬೂನಾ ಚಹಾ: ಕುದಿಸಬೇಡಿ, ಮುಚ್ಚಿಡಿ

ಮಾಲ್‌ನಲ್ಲಿ ಚಂದದ ಡಬ್ಬಿಯಲ್ಲಿ ಸಿಗುವ ಕ್ಯಾಮೊಮೈಲ್ ಕಲಬುರಗಿಗೆ ಹೊಸದೇನಲ್ಲ. ಗಿಡಮೂಲಿಕೆ ಮಾರುವ ಅತ್ತಾರರ ಅಂಗಡಿಯಲ್ಲಿ ಬಾಬೂನಾ ಎಂದು ಕೇಳಿದರೆ ಅದೇ ಒಣ ಹೂವನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಹೊಟ್ಟೆ ಉಬ್ಬರ, ಬಾವು, ಕೀಲು ನೋವು, ನಿದ್ದೆ ಬಾರದಿರುವುದು, ಇವಕ್ಕೆಲ್ಲ ಯುನಾನಿ ಹಕೀಮರು ಹಿಂದಿನಿಂದಲೂ ಇದನ್ನು ಹೇಳುತ್ತ ಬಂದಿದ್ದಾರೆ.

ಕೊಳ್ಳುವ ಮೊದಲೇ ಒಂದು ಮಾತು. ಇದು ಸೇವಂತಿಗೆಯ ಬಳಗದ ಹೂ. ನಮ್ಮ ಹೊಲದ ಬದು, ಖಾಲಿ ಸೈಟುಗಳಲ್ಲಿ ಹಬ್ಬಿರುವ ಕಾಂಗ್ರೆಸ್ ಕಸವೂ ಅದೇ ಬಳಗದ್ದು. ಆ ಕಸ ತಾಗಿದರೆ ಮೈ ತುರಿಸುವವರಿಗೆ, ಸೀನು, ದಮ್ಮು ಬರುವವರಿಗೆ ಬಾಬೂನಾ ಕೂಡ ಆಗದೇ ಇರಬಹುದು. ಅಂಥವರು ಸುಮ್ನೆ ಕುಡಿದು ನೋಡಲು ಹೋಗಬೇಡಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು, ನಿದ್ದೆ ಮಾತ್ರೆ ನುಂಗುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹಸುಗೂಸಿಗಂತೂ ಬೇಡವೇ ಬೇಡ.

ಹೂ ಆರಿಸುವುದು

ಪುಡಿ ಬೇಡ, ಇಡೀ ಹೂ ಕೇಳಿ. ನಡುವೆ ಹಳದಿ ಗುಂಡು, ಸುತ್ತ ಬಿಳಿ ಎಸಳು ಇರಬೇಕು. ಒಂದು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ನಮಗೆ ಬೇಕಾದ ಜರ್ಮನ್ ಜಾತಿಯ ಕ್ಯಾಮೊಮೈಲ್ ಆದರೆ ಗುಂಡಿನ ಒಳಗೆ ಪೊಳ್ಳು. ಗಟ್ಟಿಯಾಗಿದ್ದರೆ ರೋಮನ್ ಜಾತಿ ಇರಬಹುದು, ಬೆರಕೆಯೂ ಇರಬಹುದು. ಬೆರಳಲ್ಲಿ ಹೊಸಕಿದಾಗ ಸೇಬಿನಂಥ ವಾಸನೆ ಬರಬೇಕು. ಬರೀ ಒಣಹುಲ್ಲಿನ ವಾಸನೆ ಬಂದರೆ ಹಳೇ ಮಾಲು ಅಂತಲೇ ಲೆಕ್ಕ.

ಚಹಾ ಮಾಡುವುದು

ಒಂದು ಕಪ್‌ಗೆ, ಅಂದರೆ 150 ಎಂ.ಎಲ್. ನೀರಿಗೆ, ಸುಮಾರು 3 ಗ್ರಾಂ ಹೂ ಬೇಕು. ತೂಗಲು ಆಗದಿದ್ದರೆ ಎರಡು ದೊಡ್ಡ ಚಮಚ ಹಾಕಿ. ಟೀ ಬ್ಯಾಗ್‌ನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಇರುತ್ತದೆ. ಒಂದೇ ಬ್ಯಾಗ್ ಅದ್ದಿ ಏನೂ ಗುಣ ಕಾಣಲಿಲ್ಲ ಎನ್ನುವವರ ದೂರಿಗೆ ಇದೂ ಕಾರಣ.

ನೀರು ಕುದಿ ಬಂದ ಮೇಲೆ ಒಲೆ ಆರಿಸಿ. ಆಮೇಲೆ ಹೂ ಹಾಕಿ, ತಕ್ಷಣ ತಟ್ಟೆ ಮುಚ್ಚಿ. ನಮ್ಮ ಚಹಾದ ರೂಢಿಯಲ್ಲಿ ಇದನ್ನೂ ಕೊತಕೊತ ಕುದಿಸಿದರೆ ಹೂವಿನ ಎಣ್ಣೆ ಆವಿಯ ಜೊತೆ ಹಾರಿಹೋಗುತ್ತದೆ. ಅಡುಗೆಮನೆ ತುಂಬ ಘಮ, ಕಪ್ಪಿನಲ್ಲಿ ಬರೀ ಹಳದಿ ನೀರು! 10 ನಿಮಿಷ ಬಿಟ್ಟು, ತಟ್ಟೆಗೆ ಅಂಟಿದ ಹನಿಗಳನ್ನೂ ಒಳಗೇ ಜಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಹಾಲು ಬೇಡ. ಬೇಕಿದ್ದರೆ ಚೂರು ಬೆಲ್ಲ.

ಅಂದಹಾಗೆ, ಈ ಎಣ್ಣೆಯನ್ನು ಬಟ್ಟಿ ಇಳಿಸಿದರೆ ಬರುವುದು ಕಡು ನೀಲಿ ಬಣ್ಣದ್ದು. ಹೂವಿನಲ್ಲಿರುವ ಮ್ಯಾಟ್ರಿಸಿನ್ ಎಂಬ ಅಂಶ ಆವಿಯ ಬಿಸಿಗೆ ಕಮಾಜುಲೀನ್ ಎಂಬ ಬೇರೆ ವಸ್ತು ಆಗುತ್ತದೆ, ಆ ನೀಲಿ ಅದರದ್ದು.

ಯಾವುದಕ್ಕೆ ಕುಡಿಯಬೇಕು?

ರಾತ್ರಿ ಮಿರ್ಚಿ ಭಜಿ ಜಾಸ್ತಿಯಾಗಿ ಹೊಟ್ಟೆ ಹಿಡಿದುಕೊಂಡಾಗ ಇದನ್ನು ಕುಡಿಯಬಹುದು. ಜರ್ಮನಿಯ ತಜ್ಞರ ಸಮಿತಿಯೂ ಹೊಟ್ಟೆ, ಕರುಳಿನ ಸೆಳೆತಕ್ಕೆ ಇದನ್ನು ಒಪ್ಪಿತ್ತು. ನಿದ್ದೆಯ ವಿಷಯದಲ್ಲಿ ಡಬ್ಬಿಯ ಮೇಲಿನ ಮಾತನ್ನು ಅರ್ಧಕ್ಕಿಳಿಸಿ ನಂಬಿ. ವಿಪರೀತ ಆತಂಕ ಇರುವವರಿಗೆ ದಿನಕ್ಕೆ 1500 ಮಿಲಿಗ್ರಾಂ ಸಾರದ ಕ್ಯಾಪ್ಸೂಲ್ ಕೊಟ್ಟು ನೋಡಿದ ಅಮೆರಿಕದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತೊಂದರೆ ತಗ್ಗಿದ್ದು ನಿಜ, ಆದರೆ ಅದು ಮರುಕಳಿಸುವುದನ್ನು ತಡೆಯುತ್ತದೆ ಎಂದು ಖಚಿತವಾಗಲಿಲ್ಲ. ಅದೂ ನೋಡಿದ್ದು ಆತಂಕವನ್ನು, ನಿದ್ದೆಯನ್ನಲ್ಲ; ಕೊಟ್ಟಿದ್ದು ಕ್ಯಾಪ್ಸೂಲ್, ಚಹಾ ಅಲ್ಲ.

ಹೊರಗಿನ ಬಳಕೆ

ಬಾಯಿ ಹುಣ್ಣು, ಗಂಟಲು ಕೆರೆತಕ್ಕೆ ಇದೇ ಚಹಾ ತಣಿಸಿ ಬಾಯಿ ಮುಕ್ಕಳಿಸಿ. ಕೆಂಪಾದ ಚರ್ಮದ ಮೇಲೆ ಅದರಲ್ಲಿ ಅದ್ದಿದ ಬಟ್ಟೆ ಇಡಬಹುದು. ಕಣ್ಣು ತೊಳೆಯಲು ಮಾತ್ರ ಬಳಸಬೇಡಿ, ಅಲರ್ಜಿಯಾಗಿ ಕಣ್ಣು ಊದಿದ್ದುಂಟು. ಮೊಣಕಾಲಿಗೆ ತಿಕ್ಕಲು ರೋಗನ್-ಎ-ಬಾಬೂನಾ ಎಂಬ ಎಣ್ಣೆ ಯುನಾನಿ ಅಂಗಡಿಯಲ್ಲಿ ಸಿಗುತ್ತದೆ. ಗಾಯ ಇರುವ ಕಡೆ ಹಚ್ಚಬೇಡಿ.

ಉಳಿದ ಹೂವನ್ನು ಗಾಜಿನ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ನಮ್ಮ ಬೇಸಿಗೆಯಲ್ಲಿ ಒಲೆ ಪಕ್ಕದ ಕಪಾಟಿನಲ್ಲಿಟ್ಟರೆ ಘಮ ಬೇಗ ಹೋಗುತ್ತದೆ. ಹಾಗಾಗಿ ಒಂದೇ ಸಲಕ್ಕೆ ಜಾಸ್ತಿ ತರಬೇಡಿ.