ನೆಲಕ್ಕಿಳಿದ ವಿಷವನ್ನು ಹುಡುಕುವುದು ಹೇಗೆ, ತೆಗೆಯುವುದು ಹೇಗೆ?

ನೆಲದಡಿಯ ಪೆಟ್ರೋಲ್ ಟ್ಯಾಂಕಿನ ತಳ ತುಕ್ಕು ಹಿಡಿದು ಸೋರುತ್ತಿದ್ದರೂ ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ಪಕ್ಕದ ಬಾವಿಯ ನೀರಿಗೆ ವಾಸನೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಆಮೇಲೆ ಎಲ್ಲರಿಗೂ ಅವಸರ. ಯಂತ್ರ ತರಿಸಿ ಅಗೆದುಬಿಡೋಣ, ಪಂಪ್ ಹಾಕಿ ನೀರೆಲ್ಲ ಎತ್ತಿಬಿಡೋಣ ಅನ್ನುತ್ತಾರೆ. ವಿಷ ಎಲ್ಲಿದೆ, ಎತ್ತ ಹೊರಟಿದೆ ಎಂದು ಗೊತ್ತಿಲ್ಲದೆ ಅಗೆದರೆ ಕೆಟ್ಟ ಮಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಅಷ್ಟೇ.

ತಕ್ಷಣ ಆಗಬೇಕಾದ ಕೆಲಸ ಒಂದೇ. ಸಂಶಯವಿರುವ ನೀರು ಕುಡಿಯುವುದನ್ನು ನಿಲ್ಲಿಸಿ. ಕುದಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕುದಿಸಿದರೆ ಸಾಯುವುದು ಸೂಕ್ಷ್ಮಜೀವಿಗಳು. ಆರ್ಸೆನಿಕ್, ನೈಟ್ರೇಟ್‌ನಂಥವು ಹಾಗೇ ಉಳಿಯುತ್ತವೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಇನ್ನೂ ಹೆಚ್ಚುತ್ತದೆ.

ಸ್ವಲ್ಪ ಸೋರಿದರೆ ಏನಾಯಿತು ಅನ್ನುವವರಿಗೆ ಒಂದು ಲೆಕ್ಕ. ಪೆಟ್ರೋಲ್‌ನಲ್ಲಿರುವ ಬೆಂಜೀನ್ ಎಂಬ ವಿಷ ಕುಡಿಯುವ ನೀರಿನ ಒಂದು ಲೀಟರಿಗೆ 10 ಮೈಕ್ರೋಗ್ರಾಂ (ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು) ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಲೀಟರ್ ಬೆಂಜೀನ್ ಸುಮಾರು 876 ಗ್ರಾಂ ತೂಗುತ್ತದೆ. ಅಷ್ಟನ್ನೇ ಹಂಚಿದರೂ 8 ಕೋಟಿ ಲೀಟರಿಗೂ ಹೆಚ್ಚು ನೀರು ಆ ಮಿತಿ ಮುಟ್ಟುತ್ತದೆ.

ಮೊದಲು ಜಾಗದ ಜಾತಕ

ಶುರು ಮಾಡಬೇಕಾದ್ದು ಕಾಗದದಿಂದ. ಟ್ಯಾಂಕು ಎಲ್ಲಿತ್ತು, ಡ್ರಮ್ಮುಗಳನ್ನು ಎಲ್ಲಿ ಪೇರಿಸುತ್ತಿದ್ದರು, ತೊಳೆದ ನೀರನ್ನು ಎತ್ತ ಬಿಡುತ್ತಿದ್ದರು? ಹಳೆಯ ನಕ್ಷೆ ನೋಡಿ, ಅಲ್ಲಿ ಕೆಲಸ ಮಾಡಿದವರನ್ನು ಕೇಳಿ. ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ ಅರ್ಧಕ್ಕೆ ನಿಂತ ಕಾಲುವೆಯೊಳಗೆ ಸುಮಾರು 21,000 ಟನ್ ರಾಸಾಯನಿಕ ಕಸ ಹೂತಿದ್ದರು. 1953ರಲ್ಲಿ ಆ ಜಾಗ ಒಂದು ಡಾಲರಿಗೆ ಕೈ ಬದಲಾಯಿತು. ಆಮೇಲೆ ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೂ ಬಂದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಖಾಲಿ ಮಾಡಿಸಬೇಕಾಯಿತು.

ಸೋರಿದ್ದು ಯಾವ ವಸ್ತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ. ಅಂತರ್ಜಲದ ಮೇಲೆ ತೇಲುತ್ತವೆ. ಲೋಹದ ಜಿಡ್ಡು ತೊಳೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ನೀರನ್ನು ಸೀಳಿಕೊಂಡು ಇಳಿದು, ಜೇಡಿಮಣ್ಣಿನ ಪದರ ಸಿಕ್ಕಿದಲ್ಲಿ ನಿಲ್ಲುತ್ತದೆ. ಆ ಪದರ ಎತ್ತ ಇಳಿಜಾರಾಗಿದೆಯೋ ಅತ್ತ ಹರಿಯುತ್ತದೆ. ಕೆಲವೊಮ್ಮೆ ನೀರು ಹೋಗುವ ದಿಕ್ಕಿಗೆ ಪೂರಾ ಎದುರಾಗಿ! ಇಂಥ ಕಡೆ ಗೊತ್ತಿಲ್ಲದೆ ಜೇಡಿ ಪದರವನ್ನೇ ಕೊರೆದುಬಿಟ್ಟರೆ, ಕೆಳಗಿನ ಒಳ್ಳೆಯ ನೀರಿಗೆ ವಿಷ ಇಳಿಯಲು ನಾವೇ ದಾರಿ ಮಾಡಿಕೊಟ್ಟಂತೆ.

ಮಣ್ಣು, ಆಮೇಲೆ ಬಾವಿ

ಮಣ್ಣಿನ ಮಾದರಿಯನ್ನು ಮೇಲ್ಮೈಯಿಂದ ಮಾತ್ರ ತೆಗೆದರೆ ಸಾಲದು. ಬೇರೆ ಬೇರೆ ಆಳದಿಂದ ತೆಗೆಯಬೇಕು. ಲೋಹಗಳ ಪರೀಕ್ಷೆಗಾದರೆ ಮಣ್ಣನ್ನು ಕಲಸಿ ಕಳಿಸಬಹುದು. ಬೆಂಜೀನ್‌ನಂಥ ಹಾರಿಹೋಗುವ ವಸ್ತು ಇದ್ದರೆ ಕಲಸಲೇಬಾರದು. ಕಲಸುವಾಗಲೇ ಅರ್ಧ ಗಾಳಿಗೆ ಹೋಗಿ, ವರದಿ ಸುಮ್ನೆ ಚೆನ್ನಾಗಿ ಕಾಣುತ್ತದೆ. ತಕ್ಷಣ ಮುಚ್ಚಿ, ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸಬೇಕು.

ಇನ್ನು ವೀಕ್ಷಣಾ ಬಾವಿಗಳು, ಅಂದರೆ ಅಂತರ್ಜಲವನ್ನು ಅಳೆದು ಪರೀಕ್ಷಿಸಲೆಂದೇ ಕೊರೆದ ಬಾವಿಗಳು. ಒಂದೇ ಸಾಲಿನಲ್ಲಿ ಅಲ್ಲ, ತ್ರಿಕೋನದಂತೆ ಕನಿಷ್ಠ ಮೂರು ಬೇಕು. ಮೂರರ ನೀರಿನ ಮಟ್ಟವನ್ನೂ ಒಂದೇ ದಿನ ಅಳೆದರೆ ನೀರು ಎತ್ತ ಹರಿಯುತ್ತಿದೆ ಎಂದು ತಿಳಿಯುತ್ತದೆ. ಒಂದು ಬಾವಿ ಸೋರಿಕೆಗಿಂತ ಹಿಂದೆ, ನೀರು ಬರುವ ಕಡೆ ಇರಲಿ. ಅದರ ನೀರಿನಲ್ಲೂ ಆರ್ಸೆನಿಕ್ ಇದ್ದರೆ ತಪ್ಪು ಆ ಟ್ಯಾಂಕಿನದ್ದಲ್ಲ, ನೆಲದಡಿಯ ಕಲ್ಲಿನದ್ದೇ ಇರಬಹುದು, ಅಲ್ವಾ? ದಿನಬಳಕೆಯ ಬಾವಿಯನ್ನೇ ಇದಕ್ಕೂ ಬಳಸೋಣ ಎಂಬ ಉಳಿತಾಯ ಬೇಡ. ಅದರಲ್ಲಿ ಎಲ್ಲ ಪದರಗಳ ನೀರೂ ಬೆರೆತು ಕೆಟ್ಟ ಪದರ ಕಾಣದೇ ಹೋಗಬಹುದು.

ವೇಗದ ಲೆಕ್ಕ ಸುಲಭ. 100 ಮೀಟರ್ ದೂರಕ್ಕೆ ನೀರಿನ ಮಟ್ಟ 20 ಸೆಂಟಿಮೀಟರ್ ಇಳಿದಿದೆ ಅನ್ನೋಣ. ಅಂದರೆ ಇಳಿಜಾರು 0.002. ಮರಳಿನ ನೀರು ಬಿಡುವ ಶಕ್ತಿ ದಿನಕ್ಕೆ 10 ಮೀಟರ್, ಕಣಗಳ ನಡುವಿನ ಖಾಲಿ ಜಾಗ ಒಟ್ಟು ಗಾತ್ರದ 0.25 ಪಾಲು ಇದ್ದರೆ, 10ನ್ನು 0.002ರಿಂದ ಗುಣಿಸಿ 0.25ರಿಂದ ಭಾಗಿಸಿ. ದಿನಕ್ಕೆ 8 ಸೆಂಟಿಮೀಟರ್, ವರ್ಷಕ್ಕೆ ಸುಮಾರು 29 ಮೀಟರ್. ಹೆನ್ರಿ ಡಾರ್ಸಿ ಎಂಬ ಫ್ರೆಂಚ್ ಎಂಜಿನಿಯರ್ 1856ರಲ್ಲಿ ಪ್ರಕಟಿಸಿದ ನಿಯಮವೇ ಇದರ ಬುಡ. 300 ಮೀಟರ್ ದೂರದ ಬಾವಿಗೆ ನೀರು ತಲುಪಲು ಹತ್ತು ವರ್ಷ ಬೇಕು. ಇವತ್ತು ಅಲ್ಲಿ ಏನೂ ಸಿಕ್ಕಿಲ್ಲ ಎಂದರೆ ಬಂದಿಲ್ಲ ಎಂದಷ್ಟೇ ಅರ್ಥ, ಬರುವುದಿಲ್ಲ ಎಂದಲ್ಲ.

ಈ ಬಾವಿಗಳಿಂದ ಪರೀಕ್ಷೆಗೆ ನೀರು ತೆಗೆಯುವಾಗ ಪೈಪಿನಲ್ಲಿ ನಿಂತ ಹಳೆಯ ನೀರನ್ನು ಹೊರಹಾಕಬೇಕು. ರಭಸವಾಗಿ ಅಲ್ಲ, ನಿಮಿಷಕ್ಕೆ ಅರ್ಧ ಲೀಟರ್ ಒಳಗೆ. ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಮೂರು ಸಲ ಅಳೆದಾಗಲೂ ಹೆಚ್ಚುಕಡಿಮೆ ಒಂದೇ ಬಂದರೆ ಹೊಸ ನೀರು ಬಂತೆಂದು ಲೆಕ್ಕ. ಹಾರಿಹೋಗುವ ವಸ್ತುಗಳ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಬೇಕು. ಜೊತೆಗೆ ಶುದ್ಧ ನೀರಿನ ಒಂದು ಬಾಟಲಿಯನ್ನೂ ಕಳಿಸಿ. ಅದರಲ್ಲೂ ಬೆಂಜೀನ್ ಸಿಕ್ಕರೆ ತಪ್ಪು ನೆಲದ್ದಲ್ಲ, ಬಾಟಲಿಯದ್ದೋ ದಾರಿಯದ್ದೋ ಲ್ಯಾಬಿನದ್ದೋ.

ಈಗ ಶುದ್ಧಿ

ಮೊದಲು ಮೂಲ ನಿಲ್ಲಿಸಿ: ಟ್ಯಾಂಕು ಖಾಲಿ ಮಾಡಿ, ತೇಲುವ ಎಣ್ಣೆ ಎತ್ತಿ, ತೀರಾ ಕೆಟ್ಟ ಮಣ್ಣು ತೆಗೆಸಿ. ನೀರಿನ ಮಟ್ಟಕ್ಕಿಂತ ಮೇಲಿನ ಮಣ್ಣಿನಲ್ಲಿ ಪೆಟ್ರೋಲ್ ಅಂಶ ಉಳಿದಿದ್ದರೆ ಬಾವಿಗಳಿಂದ ಗಾಳಿ ಎಳೆದು, ಆವಿಯನ್ನು ಇದ್ದಿಲಿನ ಫಿಲ್ಟರ್‌ನಲ್ಲಿ ಹಿಡಿಯಬಹುದು. ಮರಳಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಒದ್ದೆ ಜೇಡಿಯಲ್ಲಿ ನಡೆಯುವುದೇ ಇಲ್ಲ ಅನ್ನಬಹುದು. ಪೆಟ್ರೋಲ್ ತಿನ್ನುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲೇ ಇರುತ್ತವೆ. ಆಮ್ಲಜನಕ, ಬೇಕಿದ್ದರೆ ಸಾರಜನಕ ಮತ್ತು ರಂಜಕ ಕೊಟ್ಟರೆ ಕೆಲಸ ಚುರುಕಾಗುತ್ತದೆ. ಲೋಹಗಳನ್ನು ಮಾತ್ರ ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಅವನ್ನು ಹೊರತೆಗೆಯಬೇಕು, ಇಲ್ಲವೇ ಕರಗದಂತೆ ಕಟ್ಟಿಹಾಕಬೇಕು. 1996ರಲ್ಲಿ ಅಮೆರಿಕದ ಎಲಿಜಬೆತ್ ಸಿಟಿಯಲ್ಲಿ ನೀರಿನ ದಾರಿಗೆ ಅಡ್ಡವಾಗಿ ಸುಮಾರು 46 ಮೀಟರ್ ಉದ್ದದ ಕಂದಕ ತೋಡಿ ಕಬ್ಬಿಣದ ಚೂರು ತುಂಬಿದರು. ನೀರು ಅದರೊಳಗೆ ಹಾದುಹೋಗುವಾಗ ವಿಷಕಾರಿ ಕ್ರೋಮಿಯಂ ಕರಗದ ರೂಪಕ್ಕೆ ತಿರುಗಿ ಅಲ್ಲೇ ಉಳಿಯಿತು. ಪಂಪೂ ಬೇಡ, ಕರೆಂಟೂ ಬೇಡ. ನನಗೆ ಬಹಳ ಹಿಡಿಸಿದ ಉಪಾಯ ಇದು.

ಎಲ್ಲರಿಗೂ ಮೊದಲು ಹೊಳೆಯುವುದು ಮಾತ್ರ ನೀರು ಎತ್ತಿ ಶುದ್ಧ ಮಾಡುವ ದಾರಿ. ಕೆಟ್ಟ ನೀರು ಮುಂದೆ ಹೋಗದಂತೆ ತಡೆಯಲು ಅದು ಒಳ್ಳೆಯದೇ. ಆದರೆ ಪೂರ್ತಿ ಶುದ್ಧಿಗೆ? ಸಾಬೂನು ಹಚ್ಚಿದ ಕಂಬಳಿಯನ್ನು ಜಾಲಿಸಿ ನೋಡಿ. ಮೊದಲ ಬಕೆಟ್ಟಿನಲ್ಲಿ ನೊರೆ ಉಕ್ಕುತ್ತದೆ, ಹತ್ತನೆಯದರಲ್ಲೂ ಚೂರು ಬರುತ್ತಲೇ ಇರುತ್ತದೆ. ಜೇಡಿಯೊಳಗೆ ಸೇರಿಕೊಂಡ ವಿಷವೂ ಹೀಗೇ ನಿಧಾನವಾಗಿ ಬಿಡುತ್ತದೆ. ಪಂಪ್ ಓಡುವಾಗ ವರದಿಯ ಅಂಕಿ ಇಳಿದಿರುತ್ತದೆ. ಎಲ್ಲರೂ ಖುಷಿಯಾಗಿ ಪಂಪ್ ನಿಲ್ಲಿಸುತ್ತಾರೆ. ಕೆಲವು ತಿಂಗಳಲ್ಲಿ ಅಂಕಿ ಮತ್ತೆ ಏರುತ್ತದೆ.

ಹಾಗಾಗಿ ಗೆದ್ದೆವೋ ಇಲ್ಲವೋ ಎಂದು ನೋಡಬೇಕಾದ್ದು ಪಂಪ್ ನಿಂತ ಮೇಲೆ. ಮೂರು ತಿಂಗಳಿಗೊಮ್ಮೆ, ಕನಿಷ್ಠ ಒಂದು ಪೂರ್ಣ ಮಳೆಗಾಲ, ಒಂದು ಬೇಸಿಗೆ ದಾಟುವವರೆಗೆ ಅಳೆಯಿರಿ. ಮಳೆಗಾಲದಲ್ಲಿ ಮೇಲೇರಿದ ನೀರು ಒಣ ಮಣ್ಣಿನಲ್ಲಿ ಅಂಟಿಕೊಂಡದ್ದನ್ನೂ ತೊಳೆದು ತರಬಹುದು. ಅಂಕಿ ಕೆಳಗೇ ನಿಂತರೆ ಪಂಪ್ ಬಿಚ್ಚಿಸಿ. ವೀಕ್ಷಣಾ ಬಾವಿಗಳನ್ನು ತಳದಿಂದ ಮೇಲಿನವರೆಗೆ ಸಿಮೆಂಟ್ ಗಾರೆ ತುಂಬಿ ಮುಚ್ಚಿಸಿ. ತೆರೆದೇ ಬಿಟ್ಟ ಬಾವಿ ಮುಂದಿನ ಸೋರಿಕೆಗೆ ನೇರ ಕೊಳವೆ.