ಸಿಗರೇಟು ಬಿಟ್ಟ ಮೇಲೆ ಕಾಫಿ ಟೈಮ್ ದಾಟುವುದು ಹೇಗೆ?

ನಾಳೆಯಿಂದ ಸಿಗರೇಟು ಮುಟ್ಟಲ್ಲ ಅಂತ ರಾತ್ರಿ ತೀರ್ಮಾನ ಮಾಡುವುದು ಸುಲಭ. ಕಷ್ಟ ಬರುವುದು ಮಾರನೇ ದಿನ ಹನ್ನೊಂದು ಗಂಟೆಗೆ, ಆಫೀಸಿನವರೆಲ್ಲ ಕೆಳಗಿನ ಬೇಕರಿಗೆ ಹೊರಟಾಗ. ಒಂದು ಕೈಯಲ್ಲಿ ಬೈ-ಟು ಕಾಫಿ, ಇನ್ನೊಂದರಲ್ಲಿ ಸಿಗರೇಟು. ಬೆಂಗಳೂರಿನವರಿಗೆ ಈ ಜೋಡಿ ಬಿಡಿಸದೆ ಚಟ ಬಿಡಿಸಲು ಆಗುವುದಿಲ್ಲ.

ಮೊದಲು ಒಂದು ದಿನ ಗೊತ್ತು ಮಾಡಿ, ಎರಡು ವಾರದೊಳಗೇ ಇರಲಿ. ‘ಟೆನ್ಷನ್ ಕಮ್ಮಿಯಾದ ಮೇಲೆ’ ಅಂದರೆ ಆ ದಿನ ಬರುವುದೇ ಇಲ್ಲ. ಅಲ್ಲಿವರೆಗೆ ಯಾವ ಹೊತ್ತಲ್ಲಿ, ಯಾರ ಜೊತೆ ಸೇದುತ್ತೀರಿ ಅಂತ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಹಿಂದಿನ ರಾತ್ರಿ ಪ್ಯಾಕು, ಲೈಟರ್ ಎಲ್ಲ ಕಸಕ್ಕೆ. ಸ್ಕೂಟರ್ ಡಿಕ್ಕಿಯನ್ನೂ ಒಮ್ಮೆ ನೋಡಿ.

ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು ಜಾಸ್ತಿ. ನಿದ್ದೆ ಕೆಡಬಹುದು, ಹೊಟ್ಟೆ ಕಟ್ಟಬಹುದು. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಮನೆಯವರಿಗೆ ಮೊದಲೇ ಹೇಳಿಬಿಡಿ, ಸುಮ್ನೆ ಜಗಳ ಯಾಕೆ?

ಕಾಫಿಯ ಇನ್ನೊಂದು ಆಟ ಬಹಳ ಜನರಿಗೆ ಗೊತ್ತಿಲ್ಲ. ಸಿಗರೇಟಿನ ಹೊಗೆಯಿಂದಾಗಿ ಲಿವರ್ ಕಾಫಿಯಲ್ಲಿರುವ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತರೆ ಆ ವೇಗವೂ ಇಳಿಯುತ್ತದೆ. ಅದೇ ಲೋಟ, ಅದೇ ಡಿಕಾಕ್ಷನ್, ಆದರೆ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ ಅಂದುಕೊಂಡು ಮತ್ತೆ ಹಚ್ಚಿದರೆ ಕಥೆ ಮುಗಿಯಿತು. ಕಾಫಿಯನ್ನು ಅರ್ಧಕ್ಕೆ ಇಳಿಸಿ. ಬೇಕರಿ ಮುಂದೆ ನಿಲ್ಲುವ ಬದಲು ದರ್ಶಿನಿಯ ಒಳಗೆ ಕುಡಿಯಿರಿ.

ಸೇದಬೇಕು ಅನ್ನುವ ತುಡಿತ ಸಾಮಾನ್ಯವಾಗಿ ಐದು ನಿಮಿಷದೊಳಗೆ ತಣ್ಣಗಾಗುತ್ತದೆ. ಆ ಐದು ನಿಮಿಷಕ್ಕೆ ಒಂದು ಕೆಲಸ ಬೇಕು. ನೀರು ಕುಡಿಯಿರಿ, ಲವಂಗ ಬಾಯಿಗೆ ಹಾಕಿಕೊಳ್ಳಿ, ಮೆಟ್ಟಿಲು ಹತ್ತಿಳಿಯಿರಿ.

ಅದೂ ಸಾಲದಿದ್ದರೆ ನಿಕೋಟಿನ್ ಗಮ್ ಇದೆ. ಸಿಗರೇಟಿನಲ್ಲಿ ಚಟ ಹಿಡಿಸುವ ನಿಕೋಟಿನನ್ನೇ ಇದು ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಡುತ್ತದೆ. ಎರಡು ಮಿಲಿಗ್ರಾಂನದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಇದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಅಷ್ಟೇ ಲಾಭ. ನಿಧಾನಕ್ಕೆ ಅಗಿಯಿರಿ. ಖಾರ ಖಾರ, ಜುಮ್ ಅನ್ನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ರುಚಿ ಹೋದಾಗ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಮುಗಿಯುವ ತನಕ ಕಾಫಿ, ಜ್ಯೂಸ್ ಬೇಡ. ಅವುಗಳ ಹುಳಿಯಿಂದ ಬಾಯಿಯೊಳಗೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಇ-ಸಿಗರೇಟಿನ ಸಹವಾಸವಂತೂ ಬೇಡವೇ ಬೇಡ. ದೇಶದಲ್ಲಿ 2019ರಿಂದ ಅದರ ಮಾರಾಟಕ್ಕೇ ನಿಷೇಧವಿದೆ.

ಎಚ್ಚರ ಇರಬೇಕಾದದ್ದು ‘ಒಂದೇ ಒಂದು’ ಅನ್ನುವ ಮಾತಿಗೆ. ಲೂಸ್ ಸಿಗರೇಟು ಮಾರಾಟವನ್ನು ಕರ್ನಾಟಕದಲ್ಲಿ 2017ರಲ್ಲೇ ನಿಷೇಧಿಸಿದರು. ಆದರೂ ಕೇಳಿದರೆ ಸಿಗುತ್ತದೆ, ಅಲ್ವಾ? ಅಕಸ್ಮಾತ್ ಒಂದು ಸೇದಿಬಿಟ್ಟರೆ, ಎಲ್ಲಾ ಹಾಳಾಯಿತು ಅಂತ ಪ್ಯಾಕು ಕೊಳ್ಳಬೇಡಿ. ಯಾರ ಜೊತೆ, ಯಾವ ಹೊತ್ತಲ್ಲಿ ಆಯಿತು ಅಂತ ಮೊಬೈಲ್‌ನ ಪಟ್ಟಿಗೆ ಸೇರಿಸಿ. ಆಮೇಲೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ ಈ ನಂಬರಿಗೆ ದುಡ್ಡು ಬೀಳುವುದಿಲ್ಲ. ಇದರ ಒಂದು ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು.